ನಕ್ಷೆಯಲ್ಲಿಲ್ಲದ ನೀರು

ರಸಮಟ್ಟ ಸಾಹೇಬರಿಗೆ ಆ ಹೆಸರಿಟ್ಟವರು ಅವರ ಕೈಕೆಳಗೆ ದುಡಿದ ಗಾರೆಯವರು. ರಸಮಟ್ಟವೆಂದರೆ ಗಾಜಿನ ಪುಟ್ಟ ಕೊಳವೆ, ಅದರೊಳಗೊಂದು ಗುಳ್ಳೆ, ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ, ಪಕ್ಕಕ್ಕೆ ಜಾರಿದರೆ ತಪ್ಪು. ಕಟ್ಟಡ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಮೂವತ್ತೈದು ವರ್ಷವೂ ಸಾಹೇಬರು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗಿದರು. ನಿವೃತ್ತರಾದ ಮೇಲೂ ಜೇಬು ಬರಿದಾಗಲಿಲ್ಲ. ನೆಂಟರ ಮನೆಗೆ ಹೋದರೆ ಕೂರುವ ಮೊದಲು ಟೀಪಾಯಿಯ ಮೇಲೆ ಅದನ್ನಿಟ್ಟು, ಬಗ್ಗಿ ನೋಡಿ, "ಹೂಂ" ಎನ್ನುವರು. ಆ "ಹೂಂ" ಕೇಳಿದ ಮೇಲೆ ಆ ಮನೆಯವರಿಗೆ ಅವತ್ತಿನ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ತಮ್ಮ ಸ್ವಂತ ಮನೆಯನ್ನು ಇಪ್ಪತ್ತಮೂರು ವರ್ಷದ ಹಿಂದೆ ತಾವೇ ನಕ್ಷೆ ಬರೆದು ಕಟ್ಟಿಸಿದ್ದರು. ಬಂದವರಿಗೆ ಒಂದು ಲೋಟ ನೀರು ಸಿಗುವ ಮುಂಚೆ ಮನೆಯ ದರ್ಶನ ಆಗಲೇಬೇಕು. ಹಜಾರದಿಂದ ಶುರುವಾದ ಈ ಮೆರವಣಿಗೆ ಮೆಟ್ಟಿಲು, ಮಾಳಿಗೆ, ಬಚ್ಚಲು ಎಲ್ಲ ಸುತ್ತಿ ಅಡುಗೆಮನೆಯಲ್ಲಿ ಮುಗಿಯುತ್ತಿತ್ತು.

"ಇಲ್ಲಿ ನೋಡಿ, ಪಾತ್ರೆ ತೊಳೆಯೋ ಸಿಂಕು ಕಿಟಕಿ ಕೆಳಗಿದೆ. ಯಾಕೆ ಹೇಳಿ?" ಎಂದು ಸಾಹೇಬರು ಕೇಳುವರು. ಉತ್ತರವನ್ನೂ ತಾವೇ ಕೊಡುವರು. "ಹೆಂಗಸು ದಿನಕ್ಕೆ ಎರಡು ಗಂಟೆ ಇಲ್ಲಿ ನಿಲ್ತಾಳೆ. ಗೋಡೆ ನೋಡ್ಕೊಂಡು ನಿಲ್ಲಬೇಕಾ ಅವಳು? ಒಂಚೂರು ಆಕಾಶ ಕಾಣಲಿ ಅಂತ. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ ಸ್ವಾಮಿ. ಇಲ್ಲಿಂದ ಬಂದದ್ದು" ಎಂದು ಎದೆ ಮುಟ್ಟಿಕೊಳ್ಳುವರು. ಅವರ ಹೆಂಡತಿ ಆಗ ಪಕ್ಕದಲ್ಲೇ ನಿಂತು, ಒಣಗಿದ ಲೋಟವನ್ನು ಇನ್ನೊಮ್ಮೆ ಒರೆಸುತ್ತಿರುವರು.

ಈಗ ಸಾಹೇಬರು ಪುಸ್ತಕವೊಂದನ್ನು ಬರೆದಿದ್ದರು. ಹೆಸರು "ನೇರ ಗೋಡೆ, ನೇರ ಬಾಳು". ಪ್ರಕಾಶಕರು ಅವರೇ, ಮುನ್ನುಡಿ ಅವರದೇ, ಮುನ್ನುಡಿಯಲ್ಲಿ ಕೃತಜ್ಞತೆಯೂ ಬಹುಮಟ್ಟಿಗೆ ಅವರಿಗೇ. ಬಿಡುಗಡೆಯನ್ನು ಸಭಾಂಗಣದಲ್ಲಿ ಮಾಡುವುದು ಬೇಡ, ಈ ಮಾತುಗಳಿಗೆ ಸಾಕ್ಷಿಯಾಗಿ ನಿಂತಿರುವ ಮನೆಯಲ್ಲೇ ಆಗಲಿ ಎಂದು ನಿವೃತ್ತ ಎಂಜಿನಿಯರುಗಳ ಸಂಘದಲ್ಲಿ ತೀರ್ಮಾನವಾಯಿತು. ತೀರ್ಮಾನ ಮಂಡಿಸಿದವರೂ ಸಾಹೇಬರೇ. ದಿನ ಗೊತ್ತಾಯಿತು, ಆಹ್ವಾನ ಪತ್ರ ಅಚ್ಚಾಯಿತು. ನಾಲ್ಕು ವಾರ ಸಮಯವಿತ್ತು. ಹಜಾರಕ್ಕೆ ಹೊಸ ಬಣ್ಣ ಹೊಡೆಸಬೇಕು, ಅದಕ್ಕೂ ಮೊದಲು ಗೋಡೆ ನುಣ್ಣಗಾಗಬೇಕು.

ಗೋಡೆ ನುಣುಪು ಮಾಡುವುದಕ್ಕೆ ಆ ಕಡೆಯಲ್ಲೆಲ್ಲ ಒಂದೇ ಹೆಸರು, ಕನ್ನಡಿಯಕ್ಕ. ಐವತ್ತು ದಾಟಿದ ಹೆಂಗಸು, ಗಟ್ಟಿ ಮುಂಗೈ, ಕಡಿಮೆ ಮಾತು. ಬಣ್ಣದ ಕೆಳಗೆ ಬಳಿಯುವ ಪುಟ್ಟಿ ಪುಡಿಯನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅಗಲವಾದ ತಗಡಿನ ಪಟ್ಟಿಯಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದಳೆಂದರೆ ಗೋಡೆಗೆ ಕೆನೆ ಕಟ್ಟಿದಂತೆ. ಒಣಗಿದ ಮೇಲೆ ಉಜ್ಜುಕಾಗದ ಹಿಡಿದು ತಿಕ್ಕಿ, ಗೋಡೆಯ ಪಕ್ಕಕ್ಕೆ ಬಲ್ಬು ಹಿಡಿದು ಓರೆ ಬೆಳಕಿನಲ್ಲಿ ನೋಡುವಳು. ಇರುವೆಯ ಬೆನ್ನಿನಷ್ಟು ಉಬ್ಬಿದ್ದರೂ ನೆರಳು ಬೀಳುತ್ತದೆ. ನೆರಳಿಲ್ಲದ ಗೋಡೆ ಕಂಡಾಗಷ್ಟೇ ಅವಳು ಬಕೆಟ್ಟು ತೊಳೆಯುವುದು. ಅದಕ್ಕೇ ಆ ಅಡ್ಡಹೆಸರು.

ಮೊದಲ ದಿನ ಹಳೆಯ ಬಣ್ಣ ಕೆರೆಯುತ್ತ ಬಂದವಳು ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆಯ ಹತ್ತಿರ ನಿಂತಳು. ಸೊಂಟದೆತ್ತರದಲ್ಲಿ ಅಂಗೈ ಇಟ್ಟಳು. ಬೆರಳ ಗೆಣ್ಣಿನಿಂದ ತಟ್ಟಿದಳು. ಮೂಸಿಯೂ ನೋಡಿದಳು.

"ಸಾರ್, ಇದರೊಳಗೆ ನೀರಿದೆ."

"ಯಾವುದರೊಳಗೆ?"

"ಗೋಡೆಯೊಳಗೆ. ಎಲ್ಲೋ ಪೈಪು ಸೋರ್ತಾ ಇದೆ. ಮೊದಲು ಅದನ್ನ ನೋಡಿಸಿ. ಆಮೇಲೆ ನಾನು ಬರ್ತೀನಿ."

ಸಾಹೇಬರು ನಕ್ಕರು. ಕೋಣೆಗೆ ಹೋಗಿ ಉದ್ದನೆಯ ತಗಡಿನ ಡಬ್ಬಿ ತಂದರು. ಅದರೊಳಗಿಂದ ಹೊರಬಂದ ನಕ್ಷೆ ಸೋಫಾದ ಉದ್ದಕ್ಕೂ ಹಾಸಿಕೊಂಡಿತು. ನೀಲಿ ಗೆರೆ ನೀರಿನ ಪೈಪು, ಕೆಂಪು ಗೆರೆ ಕರೆಂಟಿನ ತಂತಿ. ಮೂಲೆಯಲ್ಲಿ ಅವರ ಸಹಿ, ತಾರೀಖು, ಮೂರು ಕಚೇರಿಯ ಮೊಹರು.

"ನೋಡಮ್ಮ, ಇದು ಈ ಗೋಡೆ. ಇದರಲ್ಲಿ ನೀಲಿ ಗೆರೆ ಎಲ್ಲಿದೆ ತೋರಿಸು."

ಕನ್ನಡಿಯಕ್ಕ ನಕ್ಷೆ ನೋಡಿದಳು, ಗೋಡೆ ನೋಡಿದಳು. "ಇಲ್ಲ ಸಾರ್."

"ಇಲ್ಲ ಅಲ್ವಾ? ಪೈಪೇ ಇಲ್ಲದ ಮೇಲೆ ಸೋರೋದೇನು?"

"ನಿಮ್ಮ ಕಾಗದ ಒಣಗಿದೆ ಸಾರ್. ಗೋಡೆ ಒದ್ದೆಯಾಗಿದೆ."

ಈ ಮಾತು ಸಾಹೇಬರಿಗೆ ಹಿಡಿಸಲಿಲ್ಲ. ಹಿಡಿಸದ ಮಾತಿಗೆ ಅವರಲ್ಲೊಂದು ಮದ್ದಿತ್ತು, ವಿವರಣೆ. ಗಾಳಿಯಲ್ಲಿನ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ ಎಂಬುದನ್ನು ಅವರು ಮುಕ್ಕಾಲು ಗಂಟೆ ಹೇಳಿದರು. ಹೆಂಡತಿ ನೆಲ ಒರೆಸುವಾಗ ಬಟ್ಟೆಯನ್ನು ಸರಿಯಾಗಿ ಹಿಂಡುವುದಿಲ್ಲ ಎಂಬುದು ಎರಡನೆಯ ಕಾರಣವಾಗಿ ಬಂತು. ಪಕ್ಕದ ಮನೆಯವರು ಹೂಕುಂಡಗಳಿಗೆ ಅಳತೆ ಮೀರಿ ನೀರು ಹಾಕುತ್ತಾರೆ ಎಂಬುದು ಮೂರನೆಯದು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ, "ನಾಳೆಯಿಂದ ಚೆನ್ನಾಗಿ ಹಿಂಡ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಯಜಮಾನ ಹಚ್ಚು ಅಂದ ಮೇಲೆ ಹಚ್ಚಬೇಕು. ಕನ್ನಡಿಯಕ್ಕ ಹಚ್ಚಿದಳು. ಉಳಿದ ಮೂರು ಗೋಡೆ ಎರಡು ದಿನದಲ್ಲಿ ಒಣಗಿ ಬಿಳುಪೇರಿದವು. ನಾಲ್ಕನೆಯದು ಐದನೆಯ ದಿನವೂ ಕಂದು ಬಣ್ಣದಲ್ಲಿ ಮುಖ ಊದಿಸಿಕೊಂಡಿತ್ತು. ಆರನೆಯ ದಿನ ಸುಟ್ಟ ಕೈಗೆ ಎದ್ದ ಬೊಬ್ಬೆಯ ಹಾಗೆ ಪುಟ್ಟಿ ಉಬ್ಬಿತು. ಏಳನೆಯ ದಿನ ತಟ್ಟೆಯಗಲದ ಚಕ್ಕೆ ಕಳಚಿ ಬಿತ್ತು.

ಕೆರೆದು ಮತ್ತೆ ಹಚ್ಚಲಾಯಿತು. ಈ ಸಲ ಸಾಹೇಬರೇ ಪೇಟೆಗೆ ಹೋಗಿ, ನೀರು ತಡೆಯುತ್ತದೆ ಎಂದು ಮೂರು ಭಾಷೆಯಲ್ಲಿ ಬರೆದ ಡಬ್ಬಿಯೊಂದನ್ನು ತಂದು ಪುಟ್ಟಿಗೆ ಸುರಿಸಿದರು. ದಿನಾ ಬೆಳಗ್ಗೆ ಒದ್ದೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುವರು. ವಾರದ ಕೊನೆಗೆ ಗೋಡೆಯ ಮೇಲೆ ಒಂದರ ಸುತ್ತ ಒಂದು ಏಳು ಗೆರೆ. ಒದ್ದೆ ಯಾರ ಅಪ್ಪಣೆಗೂ ಕಾಯದೆ ಬೆಳೆಯುತ್ತಿತ್ತು. ಎರಡನೆಯ ಕೋಟೂ ಕಳಚಿತು.

"ನೀನು ಕಲಸುವಾಗಲೇ ನೀರು ಜಾಸ್ತಿ ಹಾಕ್ತಿದ್ದೀಯ" ಎಂದರು ಸಾಹೇಬರು.

ಕನ್ನಡಿಯಕ್ಕ ಪಟ್ಟಿ ಕೆಳಗಿಟ್ಟಳು. ಮೂವತ್ತು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಆಡಿರಲಿಲ್ಲ. "ಉಳಿದ ಮೂರು ಗೋಡೆಗೂ ಇದೇ ಬಕೆಟ್ಟಿನದು ಸಾರ್. ಅವು ಯಾಕೆ ಬೀಳಲಿಲ್ಲ?" ಎಂದಳು. ಸಾಮಾನು ಎತ್ತಿಕೊಂಡು, ತೊಳೆಯಲು ಹಿತ್ತಿಲಿಗೆ ಹೊರಟಳು. ನಾಳೆಯಿಂದ ಬರುವುದಿಲ್ಲ ಎಂಬುದು ಅವಳ ನಡಿಗೆಯಲ್ಲೇ ಇತ್ತು.

"ಅಕ್ಕಾ, ಚಹಾ ಕುಡ್ಕೊಂಡು ಹೋಗಿ" ಎಂದು ಸಾಹೇಬರ ಹೆಂಡತಿ ಅಡುಗೆಮನೆಯಿಂದ ಕರೆದರು.

ಕನ್ನಡಿಯಕ್ಕ ಕೈಯ ಪುಟ್ಟಿ ತೊಳೆಯಲು ಕಿಟಕಿಯ ಕೆಳಗಿನ ನಲ್ಲಿ ತಿರುಗಿಸಿದಳು. ನೀರು ಬಂತು. ಬೀಳುವ ನೀರನ್ನೇ ನೋಡುತ್ತ ನಿಂತಳು. ನೀರಿನ ಟ್ಯಾಂಕು ಇರುವುದು ಅಡುಗೆಮನೆಯ ಆ ಬದಿಯಲ್ಲಿ, ಬಚ್ಚಲಿನ ಮೇಲೆ. ಈ ನಲ್ಲಿ ಇರುವುದು ಈ ಬದಿಯಲ್ಲಿ. ನಡುವೆ ಉದ್ದಕ್ಕೂ ಹಜಾರದ ಆ ಗೋಡೆ. ಅವಳು ನಲ್ಲಿ ನಿಲ್ಲಿಸಿ ತಿರುಗಿದಳು.

"ಅಮ್ಮಾ, ಈ ನಲ್ಲಿಗೆ ನೀರು ಯಾವ ದಾರಿಯಲ್ಲಿ ಬರುತ್ತೆ?"

ಸಾಹೇಬರ ಹೆಂಡತಿ ಒಲೆಯ ಉರಿ ಸಣ್ಣ ಮಾಡಿದರು. ಬಾಗಿಲನ್ನು ಅರ್ಧ ಮುಚ್ಚಿದರು. ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ನಿಮಗೆ ಗೊತ್ತಾಗುತ್ತೆ ಅಂತ ಮೊದಲ ದಿನವೇ ಅಂದ್ಕೊಂಡೆ" ಎಂದರು.

ವಿಷಯ ಇಷ್ಟು. ಮನೆ ಕಟ್ಟುವಾಗ ಸಾಹೇಬರಿಗೆ ದೂರದ ಅಣೆಕಟ್ಟಿನ ಕೆಲಸ. ಭಾನುವಾರ ಬಂದು ಹೋಗುವರು. ವಾರದ ಉಳಿದ ದಿನ ಇಟ್ಟಿಗೆ ಎಣಿಸಿದವರು, ಗೋಡೆಗೆ ನೀರುಣಿಸಿದವರು, ಗಾರೆಯವರ ಜಗಳ ಬಿಡಿಸಿದವರು ಈಕೆ. ನಕ್ಷೆಯಲ್ಲಿ ಸಿಂಕು ಇದ್ದದ್ದು ಬಚ್ಚಲಿಗೆ ಅಂಟಿದ ಒಳಗೋಡೆಗೆ. ಅಲ್ಲಿ ನಿಂತರೆ ಮೂಗಿನ ಮುಂದೆ ಗೋಡೆ, ಬೆನ್ನ ಹಿಂದೆ ಕಿಟಕಿ. ಕಿಟಕಿ ಕಡೆಗೆ ಹಾಕಿಸೋಣ ಎಂದು ಒಂದು ಭಾನುವಾರ ಕೇಳಿದರು. "ನಕ್ಷೆ ಪಾಸಾಗಿದೆ" ಎಂದರು ಗಂಡ. ಮುಂದಿನ ಭಾನುವಾರ ಮತ್ತೆ ಕೇಳಿದರು. "ಪಾಸಾದ ನಕ್ಷೆ ಅಂದ್ರೆ ಏನು ಅಂತ ಗೊತ್ತಾ ನಿನಗೆ?" ಎಂದರು. ಮೂರನೆಯ ಭಾನುವಾರ ಇವರು ಕೇಳಲಿಲ್ಲ. ಸೋಮವಾರ ಪೈಪಿನವನನ್ನು ಕರೆದು, "ಇಲ್ಲಿಂದ ಹೀಗೆ ತಂದು ಹೀಗೆ ಹಾಕಪ್ಪ" ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. ಬುಧವಾರ ಅದರ ಮೇಲೆ ಗಾರೆ ಮುಚ್ಚಿತು.

"ಭಾನುವಾರ ಅವರು ಬಂದ್ರು. ಬಯ್ಗುಳ ತಿನ್ನೋಕೆ ನಾನು ರೆಡಿಯಾಗಿ ನಿಂತಿದ್ದೆ" ಎಂದರು ಆಕೆ. "ಅಡುಗೆಮನೆಗೆ ಬಂದವರು ಸಿಂಕು ನೋಡಿದ್ರು, ಕಿಟಕಿ ನೋಡಿದ್ರು. 'ನೋಡಿದ್ಯಾ, ಎಷ್ಟು ಯೋಚನೆ ಮಾಡಿ ಹಾಕಿದ್ದೀನಿ' ಅಂದುಬಿಟ್ರು ಅಕ್ಕಾ! ತಾವೇ ಹಾಗೆ ಬರೆದದ್ದು ಅಂತಲೇ ನಂಬಿಬಿಟ್ರು."

"ನೀವು ಏನಂದ್ರಿ?"

"ಹೂಂ ಅಂದೆ. ಮೊದಲ ವರ್ಷ ತಮಾಷೆ ಅನ್ನಿಸ್ತು. ಆಮೇಲೆ ಬಂದವರಿಗೆಲ್ಲ ಹೇಳೋಕೆ ಶುರುಮಾಡಿದ್ರು, ಎದೆ ಮುಟ್ಟಿ ಮುಟ್ಟಿ. ಆಗ ಹೇಳೋಕೆ ನಾಚಿಕೆ. ಹತ್ತು ವರ್ಷ ಆದ ಮೇಲೆ ಹೇಳಿದ್ರೆ ನಾನೇ ಸುಳ್ಳಿ ಆಗ್ತೀನಿ ಅನ್ನಿಸ್ತು. ಈಗ ಪುಸ್ತಕದಲ್ಲೂ ಬರೆದಿದ್ದಾರೆ, ಮೂರನೇ ಅಧ್ಯಾಯ. ಅಚ್ಚಾಗಿರೋದನ್ನ ಹೇಗೆ ಅಳಿಸೋದು?"

ಕನ್ನಡಿಯಕ್ಕ ಚಹಾ ಊದಿ ಊದಿ ಕುಡಿದಳು. ನಗು ಬಂದದ್ದನ್ನು ಲೋಟದೊಳಗೇ ನುಂಗಿದಳು.

"ಹೇಳಿಬಿಡಿ ಅಮ್ಮಾ. ಪೈಪು ಒಡೆದರೆ ಅದು ಯಾರ ಮಾನವನ್ನೂ ನೋಡಲ್ಲ."

"ಹೇಳ್ತೀನಿ. ಆದರೆ ಈಗ ಬೇಡ. ಮೂವತ್ತು ಜನರನ್ನ ಕರೆದಿದ್ದಾರೆ. ಅದು ಮುಗಿದ ಮುಂದಿನ ವಾರ ಅವರು ತಂಗಿ ಮನೆಗೆ ಹೋಗಿ ಎರಡು ದಿನ ಇರ್ತಾರೆ. ಆಗ ಒಡೆಸಿ ಸರಿ ಮಾಡಿಸಿಬಿಡೋಣ. ಅಲ್ಲೀವರೆಗೂ ಗೋಡೆ ಒಣಗಿರೋ ಹಾಗೆ ಮಾಡೋಕಾಗುತ್ತಾ?"

"ಈ ನಲ್ಲಿಗೆ ಬೇರೆ ವಾಲ್ವ್ ಇದೆಯಾ?"

ಇತ್ತು. ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಅದು ಕಾಣದಿರಲೆಂದು ಇಪ್ಪತ್ತಮೂರು ವರ್ಷದಿಂದ ಅದರ ಮುಂದೊಂದು ದೊಡ್ಡ ಹೂಕುಂಡ ಕೂತಿತ್ತು. ಹೂವಿನ ಗಿಡ ಎಷ್ಟೋ ಸಲ ಬದಲಾಗಿತ್ತು, ಕುಂಡ ಮಾತ್ರ ಒಂದಂಗುಲ ಕದಲಿರಲಿಲ್ಲ. ಇಬ್ಬರೂ ಸೇರಿ ಕುಂಡ ಸರಿಸಿ ವಾಲ್ವ್ ಬಿಗಿದರು.

"ಕೆಟ್ಟ ಪೈಪಿನ ಮೇಲೆ ನುಣುಪು ಮಾಡೋದು ನನಗೆ ಇಷ್ಟ ಇಲ್ಲಮ್ಮಾ. ನನ್ನ ಹೆಸರು ಹೋಗುತ್ತೆ. ನಿಮ್ಮ ಮುಖ ನೋಡಿ ಮಾಡ್ತೀನಿ. ಇದನ್ನ ಯಾರೂ ಮುಟ್ಟಬಾರದು, ಅಷ್ಟೇ" ಎಂದಳು ಕನ್ನಡಿಯಕ್ಕ.

ಅವತ್ತಿನಿಂದ ಸಾಹೇಬರ ಹೆಂಡತಿ ಪಾತ್ರೆಗಳನ್ನು ಬುಟ್ಟಿಯಲ್ಲಿ ಹೊತ್ತು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ತೊಳೆದರು. ಸೊಪ್ಪು ತೊಳೆಯಲು ಬಕೆಟ್ಟು, ಅಕ್ಕಿ ತೊಳೆಯಲು ಇನ್ನೊಂದು ಬಕೆಟ್ಟು. ಎರಡು ವಾರ ಅಡುಗೆಮನೆಯ ನಲ್ಲಿಯಲ್ಲಿ ಹನಿ ನೀರಿರಲಿಲ್ಲ ಎಂಬುದು ಮನೆಯ ಯಜಮಾನರಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗಬೇಕಾದರೆ ಅದನ್ನೊಮ್ಮೆ ತಿರುಗಿಸಬೇಕಿತ್ತು.

ಸಾಹೇಬರಿಗೆ ಬೇರೆ ಕೆಲಸವಿತ್ತು. ಅವರು ಗೋಡೆಯ ಮುಂದೆ ಸ್ಟೂಲಿಟ್ಟು, ಅದರ ಮೇಲೆ ದೊಡ್ಡ ಬಲ್ಬಿನ ಟೇಬಲ್ ಲ್ಯಾಂಪು ಇಟ್ಟು, ಬೆಳಗಿನಿಂದ ಸಂಜೆಯವರೆಗೆ ಗೋಡೆಗೆ ಬಿಸಿ ಕೊಡುತ್ತಿದ್ದರು. ಕಾಕತಾಳೀಯವೆಂದರೆ ಇದೇ, ಲ್ಯಾಂಪು ಇಟ್ಟದ್ದು ವಾಲ್ವ್ ಬಿಗಿದ ಮಾರನೆಯ ದಿನ. ಒದ್ದೆಯ ಅಂಚು ದಿನದಿನವೂ ಪೆನ್ಸಿಲಿನ ಗೆರೆಯಿಂದ ಒಳಕ್ಕೆ ಸರಿಯತೊಡಗಿತು. ಮೂರನೆಯ ದಿನಕ್ಕೆ ಸಾಹೇಬರು ಮನೆಯಲ್ಲಿ ಹಾಡು ಗುನುಗಿದರು. ಐದನೆಯ ದಿನಕ್ಕೆ "ತೇವ ನಿವಾರಣೆಯಲ್ಲಿ ದೀಪದ ಪಾತ್ರ" ಎಂಬ ನಾಲ್ಕು ಪುಟದ ಅನುಬಂಧ ಬರೆದರು. ಅದನ್ನು ಅಚ್ಚು ಹಾಕಿಸಿ, ಇನ್ನೂರು ಪ್ರತಿಗಳಿಗೂ ಕೂತು ತಾವೇ ಅಂಟಿಸಿದರು.

"ನೋಡಮ್ಮ, ನೀರಿದೆ ನೀರಿದೆ ಅಂತಿದ್ದೆಯಲ್ಲ. ಈಗ ಎಲ್ಲಿ ಹೋಯ್ತು ನಿನ್ನ ನೀರು?" ಎಂದು ಕನ್ನಡಿಯಕ್ಕನನ್ನು ಕೇಳಿದರು.

"ನೀವೇ ಹೇಳಬೇಕು ಸಾರ್" ಎಂದಳು ಅವಳು.

ಒಂಬತ್ತನೆಯ ದಿನ ಗೋಡೆ ತಟ್ಟಿದರೆ ಟಣ್ ಎಂದಿತು. ಅವಳು ಎರಡು ತೆಳು ಕೋಟು ಎಳೆದಳು, ತಿಕ್ಕಿದಳು, ಬಲ್ಬು ಹಿಡಿದು ನೋಡಿದಳು. ಬಣ್ಣದವರು ಬಂದು ತಿಳಿ ಹಳದಿ ಹೊಡೆದು ಹೋದರು. ಸಾಹೇಬರು ಗೋಡೆಯ ಮೇಲೆ ಕೈಯಾಡಿಸಿ, ಅಂಗೈಯನ್ನೇ ಒಮ್ಮೆ ನೋಡಿಕೊಂಡರು. ಯಾವ ಹೊಗಳಿಕೆಗೂ ಬಾಯಿ ಬಿಡದ ಮನುಷ್ಯ, "ಪರವಾಗಿಲ್ಲ" ಎಂದರು. "ಬಿಡುಗಡೆಗೆ ನೀನೂ ಬಾ. ದೀಪದ ವಿಷಯ ಹೇಳುವಾಗ ನೀನು ಕಣ್ಣಾರೆ ಕಂಡವಳು ಅಂತ ತೋರಿಸ್ತೀನಿ."

ಆ ದಿನ ಬೆಳಗ್ಗೆ ಹನ್ನೊಂದಕ್ಕೆ ಹಜಾರ ತುಂಬಿತು. ಮೂವತ್ತು ಎಂಜಿನಿಯರುಗಳು, ಅವರಲ್ಲಿ ಹತ್ತುಹನ್ನೆರಡು ಮಂದಿಯ ಹೆಂಡತಿಯರು. ಹೆಂಗಸರು ಕಿಟಕಿಯ ಬದಿಯ ಸಾಲಿನಲ್ಲಿ ಕೂತರು. ಕನ್ನಡಿಯಕ್ಕ ಇಸ್ತ್ರಿ ಸೀರೆ ಉಟ್ಟು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು. ಬಂದ ಪ್ರತಿಯೊಬ್ಬ ಎಂಜಿನಿಯರೂ ಕೂರುವ ಮೊದಲು ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. ತಪ್ಪು ಸಿಗದ ದುಃಖ ಎಲ್ಲರ ಮುಖದಲ್ಲೂ ಇತ್ತು.

ಸಂಘದ ಅಧ್ಯಕ್ಷರು ಎಂಬತ್ತರ ಹತ್ತಿರದವರು, ಕೈ ಸುಮ್ಮನಿರದ ಮನುಷ್ಯ. ಬಿಸ್ಕತ್ತು ತಿಂದ ಕೈ ತೊಳೆಯಲು ಅಡುಗೆಮನೆಗೆ ಹೋದವರು ಹತ್ತು ನಿಮಿಷ ಬರಲಿಲ್ಲ. ಬಂದಾಗ ಕೈಯೂ ಒದ್ದೆ, ಪಂಚೆಯ ಅಂಚೂ ಒದ್ದೆ, ಮುಖ ಮಾತ್ರ ಗೆದ್ದವರ ಮುಖ.

"ಅಮ್ಮಾ, ನಿಮ್ಮ ನಲ್ಲಿಯಲ್ಲಿ ನೀರೇ ಇರಲಿಲ್ಲ" ಎಂದು ಸಾಹೇಬರ ಹೆಂಡತಿಗೆ ಹೇಳಿದರು. "ಹಿತ್ತಿಲಿಗೆ ಹೋಗಿ ಹುಡುಕಿದೆ. ಯಾರೋ ಮೂರ್ಖರು ವಾಲ್ವ್ ಬಿಗಿದು ಮುಂದೆ ಹೂಕುಂಡ ಇಟ್ಟಿದ್ದಾರೆ. ಪೂರ್ತಿ ತಿರುಗಿಸಿ ಬಿಟ್ಟಿದ್ದೀನಿ. ಈಗ ನೋಡಿ, ಧೋ ಅಂತ ಬರುತ್ತೆ!"

ಆಕೆ ಲೋಟಗಳ ತಟ್ಟೆ ಹಿಡಿದೇ ಬಾಗಿಲ ಕಡೆ ತಿರುಗಿದರು. ಹಿತ್ತಿಲಿಗೆ ಓಡೋಣವೆಂದರೆ ಅಷ್ಟರಲ್ಲಿ ಸಾಹೇಬರು, "ಎಲ್ಲಿ ಹೋಗ್ತೀಯ? ಬಾ, ನಿಂತ್ಕೋ ಇಲ್ಲಿ. ಮೂರನೇ ಅಧ್ಯಾಯ ನಿನಗೇ ಸಂಬಂಧಪಟ್ಟದ್ದು" ಎಂದು ಎಲ್ಲರೆದುರು ಕರೆದರು. ಅವರು ಆ ಹಳದಿ ಗೋಡೆಗೇ ಬೆನ್ನು ಮಾಡಿ ನಿಂತಿದ್ದರು. ಪಕ್ಕದ ಮೇಜಿನ ಮೇಲೆ ಇನ್ನೂರು ಪುಸ್ತಕ.

ಎರಡು ವಾರ ನೀರು ಕಾಣದೆ ಒಣಗಿದ್ದ ಹಳೆಯ ಪೈಪಿನ ಜಾಯಿಂಟು ಒಮ್ಮೆಲೇ ನುಗ್ಗಿದ ನೀರಿನ ರಭಸಕ್ಕೆ ಬಾಯಿ ಬಿಟ್ಟಿರಬೇಕು. ಸಾಹೇಬರು "ಗೋಡೆ ಎಂದರೆ ಮನುಷ್ಯನ ನಡತೆ ಇದ್ದ ಹಾಗೆ" ಎನ್ನುವಾಗ ಅವರ ಮೊಣಕೈ ಪಕ್ಕದಲ್ಲಿ ನಾಣ್ಯದಷ್ಟು ಕಪ್ಪು ಚುಕ್ಕೆ ಮೂಡಿತು. "ಒಳಗೊಂದು ಹೊರಗೊಂದು ಇರಬಾರದು" ಎನ್ನುವಷ್ಟರಲ್ಲಿ ಅದು ತಟ್ಟೆಯಗಲವಾಯಿತು. ಮುಂದಿನ ಸಾಲಿನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಇಷ್ಟು ಗಮನವಿಟ್ಟು ಸಂಘದಲ್ಲಿ ಯಾರೂ ಯಾರ ಭಾಷಣವನ್ನೂ ಕೇಳಿದ್ದಿಲ್ಲ. ಸಾಹೇಬರ ದನಿ ಏರಿತು. ಗೋಡೆಯಲ್ಲಿ ಬೊಬ್ಬೆ ಎದ್ದಿತು, ಬಲೂನಿನಂತೆ ಊದಿತು. ಹಿಂದಿನ ಸಾಲಿನವರು ಎದ್ದೇ ನಿಂತರು.

"ದಯವಿಟ್ಟು ಕೂತ್ಕೊಳ್ಳಿ, ಚಪ್ಪಾಳೆ ಆಮೇಲೆ" ಎಂದರು ಸಾಹೇಬರು.

ಪಟಾರ್! ಬೊಬ್ಬೆ ಒಡೆದು, ಪುಟ್ಟಿಯ ಹಾಳೆ ಅವರ ಹೆಗಲ ಮೇಲೆ ಉತ್ತರೀಯದಂತೆ ಬಿತ್ತು. ಹಿಂದೆಯೇ ಸೂಜಿಯಂತೆ ಸಣ್ಣ ನೀರಿನ ಧಾರೆ ಚಿಮ್ಮಿ ನೆಟ್ಟಗೆ ಪುಸ್ತಕದ ರಾಶಿಯನ್ನು ಹುಡುಕಿಕೊಂಡು ಹೋಯಿತು.

ಮೂವತ್ತು ಎಂಜಿನಿಯರುಗಳು ಎದ್ದರು. ಯಾರೂ ಪುಸ್ತಕ ಎತ್ತಲಿಲ್ಲ. ಒಬ್ಬರು ಭೂಮಿಯೊಳಗಿನ ನೀರು ಮೇಲೇರಿದೆ ಎಂದರು. ಇನ್ನೊಬ್ಬರು ಸಿಮೆಂಟಿನ ಉಪ್ಪು ಎಂದರು. ಮತ್ತೊಬ್ಬರು, ಇದು ನೀರಲ್ಲವೇ ಅಲ್ಲ, ಪರೀಕ್ಷೆಗೆ ಕಳಿಸಬೇಕು ಎಂದರು. ನೀರು ಪಾದ ಮುಟ್ಟುವ ಹೊತ್ತಿಗೆ ಐದು ಜನರ ಉಪಸಮಿತಿ ರಚನೆಯಾಗಿ, ಅದರ ಸಂಚಾಲಕರು ಯಾರಾಗಬೇಕೆಂಬ ಬಗ್ಗೆ ಎರಡು ಬಣವೂ ಆಗಿತ್ತು.

ಅಷ್ಟರಲ್ಲಿ ಧಾರೆ ನಿಂತಿತು. ಕನ್ನಡಿಯಕ್ಕ ಹಿತ್ತಿಲಿಂದ ಒಳಗೆ ಬಂದಳು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ. ಕೈಯಲ್ಲಿ ಸುತ್ತಿಗೆ, ಉಳಿ. "ಸ್ವಲ್ಪ ಸರಿಯಿರಿ ಸಾರ್" ಎಂದು ಉಪಸಮಿತಿಯನ್ನು ಪಕ್ಕಕ್ಕೆ ತಳ್ಳಿ, ನಾಲ್ಕು ಏಟು ಹಾಕಿದಳು. ಗಾರೆ ಉದುರಿತು. ಒಳಗೆ ತುಕ್ಕು ಹಿಡಿದ ಪೈಪೊಂದು ಅಡ್ಡಕ್ಕೆ ಮಲಗಿತ್ತು.

ಸಾಹೇಬರು ಅದನ್ನು ನೋಡಿದರು. ತಮ್ಮ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದನ್ನು ಕಂಡವರ ಹಾಗೆ ನೋಡಿದರು.

"ಇದು ಯಾರ ಪೈಪು?"

"ಪಕ್ಕದ ಮನೆಯವರದ್ದಿರಬಹುದು" ಎಂದರು ಒಬ್ಬ ಎಂಜಿನಿಯರ್, ಸಮಾಧಾನಕ್ಕೆ.

"ನನ್ನದು" ಎಂದರು ಸಾಹೇಬರ ಹೆಂಡತಿ.

ಆಕೆಗೂ ತನ್ನ ದನಿ ಅಷ್ಟು ಗಟ್ಟಿ ಬರುತ್ತದೆಂದು ಗೊತ್ತಿರಲಿಲ್ಲ. ತಟ್ಟೆಯನ್ನು ಕೆಳಗಿಟ್ಟರು. "ಸಿಂಕು ಕಿಟಕಿ ಹತ್ತಿರ ಹಾಕಿ ಅಂತ ಎರಡು ಭಾನುವಾರ ಕೇಳಿದೆ. ನೀವು ಬೇಡ ಅಂದ್ರಿ. ಸೋಮವಾರ ನಾನೇ ಹಾಕಿಸಿದೆ. ವಾಲ್ವ್ ಬಿಗಿದ ಮೂರ್ಖಳೂ ನಾನೇ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದು, ಕೆಮ್ಮಿದಂತೆ ನಟಿಸಿದರು. ಅದು ಸಾಲಿನುದ್ದಕ್ಕೂ ಹಬ್ಬಿ, ಎಲ್ಲರಿಗೂ ಒಟ್ಟಿಗೆ ಕೆಮ್ಮು ಬಂತು.

ಸಾಹೇಬರ ಕಿವಿ ಕೆಂಪೇರಿತು. ಪೈಪಿಗಲ್ಲ. ಪೈಪು ಒಡೆಯುತ್ತದೆ, ಬೆಸೆಯಬಹುದು. ಇಪ್ಪತ್ತಮೂರು ವರ್ಷ, ನೂರಾರು ಜನರ ಮುಂದೆ ಎದೆ ಮುಟ್ಟಿಕೊಂಡು ಆಡಿದ ಮಾತು ಒಂದೊಂದಾಗಿ ವಾಪಸು ಬರುತ್ತಿತ್ತು. ಪ್ರತಿಸಲವೂ ಪಕ್ಕದಲ್ಲಿ ಲೋಟ ಒರೆಸುತ್ತಿದ್ದ ಹೆಂಡತಿಯ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಅವರು ಯಾವತ್ತೂ ಅತ್ತ ನೋಡಿಯೇ ಇರಲಿಲ್ಲ.

"ಕಾರ್ಯಕ್ರಮ ಮುಗಿಯಿತು" ಎಂದರು. ಹೆಗಲ ಮೇಲಿನ ಪುಟ್ಟಿ ಕೊಡವಿ ಕೋಣೆಗೆ ಹೋದರು.

ಅಧ್ಯಕ್ಷರು ಮಾತ್ರ ಹೋಗುವಾಗಲೂ ಬಿಡಲಿಲ್ಲ. ಪೈಪಿನ ಹತ್ತಿರ ಬಗ್ಗಿ ನೋಡಿ, "ಅಮ್ಮಾ, ನೀರು ಎಲ್ಲೂ ಕಟ್ಟಿ ನಿಲ್ಲದ ಹಾಗೆ ಹದವಾಗಿ ಇಳಿಜಾರು ಕೊಟ್ಟಿದ್ದೀರಿ. ಯಾರು ಹೇಳಿಕೊಟ್ಟರು?" ಎಂದು ಕೇಳಿದರು.

"ಯಾರೂ ಇಲ್ಲ. ಕಣ್ಣಳತೆ" ಎಂದರು ಆಕೆ.

ಮಾರನೆಯ ದಿನ ಪೈಪಿನವನು ಬಂದು ಹೊಸದು ಹಾಕಿದ. ಗೋಡೆ ಒಣಗಲೆಂದು ಗುಂಡಿ ಹಾಗೇ ಬಿಟ್ಟರು. ಕನ್ನಡಿಯಕ್ಕನಿಗೆ ಆ ವಾರ ಒಂದೇ ಸಮನೆ ಫೋನು. ಎಲ್ಲವೂ ಹೆಂಗಸರ ದನಿ, ಎಲ್ಲವೂ ಪಿಸುದನಿ. ಒಬ್ಬರಿಗೆ ಗಂಡನಿಗೆ ತಿಳಿಯದಂತೆ ಮೆಟ್ಟಿಲ ಕೆಳಗೆ ಮಾಡಿಸಿದ ಗೂಡು, ಒಬ್ಬರಿಗೆ ಜಾಗ ಬದಲಾದ ಬಾಗಿಲು, ಇನ್ನೊಬ್ಬರಿಗೆ ಎರಡಡಿ ಸರಿದ ಬಚ್ಚಲ ಗೋಡೆ. ಕೊನೆಯ ಮಾತು ಎಲ್ಲರದೂ ಒಂದೇ, "ಯಜಮಾನರು ಮನೆಯಲ್ಲಿ ಇಲ್ಲದಾಗ ಬನ್ನಿ." ಏಳನೆಯ ಫೋನು ಅಧ್ಯಕ್ಷರ ಮನೆಯಿಂದ ಬಂದಿತ್ತು.

ಸಾಹೇಬರು ಮೂರು ದಿನ ಹೆಂಡತಿಯ ಜತೆ ಮಾತಾಡಲಿಲ್ಲ. ಊಟ ಬೇಕೆಂದರೆ ತಟ್ಟೆಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಡುವರು, ಸಾಕೆಂದರೆ ಕೈ ಅಡ್ಡ ಹಿಡಿಯುವರು. ನಲ್ಲಿಯಲ್ಲಿ ನೀರು ಬಂದದ್ದೇ ಆಕೆಗೆ ದೊಡ್ಡ ಸುಖವಾಗಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಆಕೆ ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜುತ್ತಿದ್ದಾಗ ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದರು. ಒಳಗೆ ಬರಲೋ ಬೇಡವೋ ಎಂಬಂತೆ ಹೊಸ್ತಿಲ ಮೇಲೆ ನಿಂತರು. ಕೆಮ್ಮಿದರು.

"ಇದೊಂದೇನಾ?"

ಆಕೆ ಬಾಣಲೆ ತೊಳೆದು ಬೋರಲು ಹಾಕಿದರು.

"ಏನು ಇದೊಂದೇ?"

"ಈ ಮನೆಯಲ್ಲಿ. ನೀನು ಬದಲಾಯಿಸಿದ್ದು. ಈ ಪೈಪು ಒಂದೇನಾ, ಇಲ್ಲಾ ಇನ್ನೂ ಏನಾದ್ರೂ ಇದೆಯಾ?"

ಆಕೆ ಗಂಡನ ಮುಖ ನೋಡಿದರು. ಅಲ್ಲಿ ಕೋಪ ಇರಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಅಳುಕಿತ್ತು, ಒಂದು ಬಗೆಯ ಕುತೂಹಲವೂ ಇತ್ತು. ಆಕೆ ಸೆರಗಿಗೆ ಕೈ ಒರೆಸಿಕೊಂಡು, ಒಲೆಯ ಮೇಲೆ ಇಬ್ಬರಿಗೂ ಆಗುವಷ್ಟು ಚಹಾಕ್ಕೆ ನೀರಿಟ್ಟರು. ಮೂಲೆಯ ಸ್ಟೂಲನ್ನು ಎಳೆದು ಗಂಡನ ಮುಂದೆ ಇಟ್ಟರು.

"ಕೂತ್ಕೊಳ್ಳಿ" ಎಂದರು. "ಸ್ವಲ್ಪ ಹೊತ್ತಾಗುತ್ತೆ."